ಒಳಚಕ್ರ, ಹೊರಚಕ್ರ

ಜಪಾನಿನ ಮಜ್ದಾ ಕಂಪನಿಯ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಎಂಎಕ್ಸ್-5 ಮೊದಲು ಕಾಣಿಸಿಕೊಂಡದ್ದು 1989ರಲ್ಲಿ, ಷಿಕಾಗೊ ವಾಹನ ಪ್ರದರ್ಶನದಲ್ಲಿ. ಅಮೆರಿಕದವರಿಗೆ ಅದು ‘ಮಿಯಾಟಾ’. 2016ರಲ್ಲಿ 10 ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಅಲ್ಲಿ ಅದನ್ನು ಕೊಳ್ಳಲು ಹೋದವರ ಮುಂದೆ ಮೂರು ದರ್ಜೆಗಳಿರುತ್ತವೆ: ಸ್ಪೋರ್ಟ್, ಕ್ಲಬ್, ಗ್ರ್ಯಾಂಡ್ ಟೂರಿಂಗ್. 2022ರ ಮಾದರಿಯಲ್ಲಿ ಮೂರಕ್ಕೂ ಒಂದೇ ಎಂಜಿನ್. 2 ಲೀಟರಿನದು, 181 ಅಶ್ವಶಕ್ತಿಯದು. ಆದರೂ ಸ್ಪೋರ್ಟಿಗಿಂತ ಕ್ಲಬ್ಬಿಗೆ 3000 ಡಾಲರಿಗೂ ಹೆಚ್ಚು ಕೊಡಬೇಕು. ಈ ಹಣ ಯಾವುದಕ್ಕೆ?

ಗ್ರ್ಯಾಂಡ್ ಟೂರಿಂಗಿನ ಉತ್ತರ ಸುಲಭ. ಚರ್ಮದ ಸೀಟು, ಚಳಿಯಲ್ಲಿ ಬೆಚ್ಚಗಾಗುವ ಸೀಟು, ಇಂಥವು. ಕುಳಿತ ಕೂಡಲೇ ಗೊತ್ತಾಗುತ್ತದೆ. ಕ್ಲಬ್ಬಿನದು ಹಾಗಲ್ಲ. ಷೋರೂಮಿನ ಟೆಸ್ಟ್ ಡ್ರೈವ್ ಎಂದರೆ ಪೇಟೆಯೊಳಗೆ ನಾಲ್ಕು ಸಿಗ್ನಲ್ ದಾಟಿ ಬರುವಷ್ಟೇ. ಎರಡನ್ನೂ ಒಂದರ ಹಿಂದೊಂದು ಓಡಿಸಿದರೆ ಕ್ಲಬ್ಬಿನ ಷಾಕ್ ಅಬ್ಸಾರ್ಬರು ಬಿಗಿ, ಹಳ್ಳ ದಿಣ್ಣೆಯಲ್ಲಿ ಅದೇ ಹೆಚ್ಚು ಕುಲುಕುತ್ತದೆ. ಹೆಚ್ಚು ದುಡ್ಡಿಗೆ ಹೆಚ್ಚು ಕುಲುಕಾಟವೇ ಎಂದು ಗಿರಾಕಿ ಮೂಗು ಮುರಿದರೆ ಆಶ್ಚರ್ಯವಿಲ್ಲ. ಮುಖ್ಯವಾದ ವ್ಯತ್ಯಾಸ ಕಣ್ಣಿಗೆ ಬೀಳದ ಕಡೆ, ಹಿಂದಿನ ಎರಡು ಚಕ್ರಗಳ ನಡುವೆ ಇದೆ.

ಎತ್ತಿನ ಗಾಡಿ ತಿರುಗುವುದನ್ನು ನೋಡಿ. ಒಳಬದಿಯ ಚಕ್ರ ನಿಧಾನ, ಹೊರಬದಿಯದು ಬಿರುಸು. ಹೊರಚಕ್ರದ ದಾರಿ ಉದ್ದ. ಮಿಯಾಟಾದ ಹಿಂಚಕ್ರಗಳ ನಡುವಿನ ಅಂತರ ಸುಮಾರು 1.5 ಮೀಟರ್. ಕಾರು ಪೂರ್ತಿ ಒಂದು ಸುತ್ತು ಹಾಕಿದರೆ ಹೊರಚಕ್ರ ಒಳಚಕ್ರಕ್ಕಿಂತ 2 × 3.14 × 1.5, ಅಂದರೆ 9.4 ಮೀಟರ್ ಹೆಚ್ಚು ಕ್ರಮಿಸಬೇಕು. ಸೋಜಿಗವೆಂದರೆ, ಸುತ್ತು ಅಂಗಳದಷ್ಟು ಚಿಕ್ಕದಿರಲಿ, ಊರಿನಷ್ಟು ದೊಡ್ಡದಿರಲಿ, ಈ 9.4 ಮೀಟರ್ ಬದಲಾಗದು. ಲೆಕ್ಕ ಮಾಡಿದವರಿಗೆ ತ್ರಿಜ್ಯ ಎಲ್ಲಿ ಹೊಡೆದುಹೋಯಿತು ಎಂಬುದು ತಿಳಿಯುತ್ತದೆ.

ಗಾಡಿಯ ಚಕ್ರಗಳು ಬಿಡಿಬಿಡಿಯಾಗಿ ತಿರುಗುವುದರಿಂದ ತೊಂದರೆಯಿಲ್ಲ. ಕಾರಿನಲ್ಲಿ ಒಂದೇ ಎಂಜಿನ್ ಎರಡನ್ನೂ ತಿರುಗಿಸಬೇಕು. ಅದಕ್ಕೆಂದೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ. ಅದು ಎರಡು ಚಕ್ರಗಳಿಗೂ ಬೇರೆ ಬೇರೆ ವೇಗ ಬಿಟ್ಟುಕೊಡುತ್ತದೆ, ಆದರೆ ತಿರುಗಿಸುವ ಬಲವನ್ನು ಸಮನಾಗಿ ಹಂಚುತ್ತದೆ. ಈ ಸಮಪಾಲೇ ಅದರ ದೌರ್ಬಲ್ಯ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಾಗ ಕೆಸರಿನ ಚಕ್ರ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಚಕ್ರ ಸುಮ್ಮನೆ ನಿಂತಿರುತ್ತದೆ. ಜಾರುವ ಚಕ್ರಕ್ಕೆ ಬೇಕಾದ ಬಲ ಅತ್ಯಲ್ಪ. ಇನ್ನೊಂದಕ್ಕೂ ಸಿಗುವುದು ಅಷ್ಟೇ. ಆಗ ಡ್ರೈವರ್ ಕಾಲಿನಿಂದ ಒತ್ತುವ ‘ಡಿಫರೆನ್ಷಿಯಲ್ ಲಾಕ್’ ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ.

ವೇಗವಾಗಿ ತಿರುವು ತೆಗೆದುಕೊಳ್ಳುವ ಕಾರಿನಲ್ಲಿ ಕೆಸರಿಲ್ಲ, ಆದರೆ ಭಾರ ಹೊರಬದಿಗೆ ವಾಲಿ ಒಳಚಕ್ರ ಹಗುರವಾಗುತ್ತದೆ. ಆಕ್ಸಿಲರೇಟರ್ ತುಳಿದರೆ ಅದು ಜಾರುತ್ತದೆ, ಎಂಜಿನ್ನಿನ ಶಕ್ತಿ ಅಲ್ಲೇ ಪೋಲು. ಮ್ಯಾನ್ಯುಯಲ್ ಗೇರಿನ ಕ್ಲಬ್ಬಿನಲ್ಲಿ ‘ಲಿಮಿಟೆಡ್ ಸ್ಲಿಪ್’ ಡಿಫರೆನ್ಷಿಯಲ್ ಇರುತ್ತದೆ. ಅದರ ಒಳಗಿನ ಘರ್ಷಣೆ ಎರಡು ಚಕ್ರಗಳ ವೇಗ ತೀರಾ ಬೇರೆಯಾಗದಂತೆ ತಡೆದು, ನೆಲ ಕಚ್ಚಿರುವ ಹೊರಚಕ್ರಕ್ಕೆ ಹೆಚ್ಚು ಬಲ ಕಳಿಸುತ್ತದೆ. ಟ್ರ್ಯಾಕ್ಟರಿನಂತೆ ಪೂರ್ತಿ ಬೀಗ ಹಾಕುವುದಿಲ್ಲ. ಹಾಕಿದರೆ ಕಾರು ತಿರುಗಲು ಒಪ್ಪದು.

ಸ್ಪೋರ್ಟ್ ದರ್ಜೆಯ ಡಿಫರೆನ್ಷಿಯಲ್ ಸಾಧಾರಣದ್ದು. ಹಾಗೆಂದು ಅದು ಅಪಾಯದ ಕಾರಲ್ಲ. ಜಾರುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವ ವಿದ್ಯುನ್ಮಾನ ವ್ಯವಸ್ಥೆ ಅದರಲ್ಲೂ ಇದೆ. ಶಕ್ತಿ ಒಂದಿಷ್ಟು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ಅಷ್ಟೇ. ಇಲ್ಲಿ ತಂದೆತಾಯಿಗಳು ಗಮನಿಸಬೇಕಾದ ಮಾತೊಂದಿದೆ. ಈ ಎರಡರ ವ್ಯತ್ಯಾಸ ಮೈಗೆ ತಿಳಿಯಬೇಕಾದರೆ ಟೈರಿನ ಹಿಡಿತ ತಪ್ಪುವ ಅಂಚಿಗೆ ಕಾರನ್ನು ಒಯ್ಯಬೇಕು. ಅದು ರೇಸ್ ಟ್ರ್ಯಾಕಿನ ಕೆಲಸ. ಇಪ್ಪತ್ತರ ಹುಡುಗ ಊರ ರಸ್ತೆಯಲ್ಲಿ ‘ಪರೀಕ್ಷೆ’ ಮಾಡಹೊರಟರೆ ಎದುರು ಬರುವವರ ಗತಿಯೇನು? ಹಾಗಾಗಿ ಇದು ಟೆಸ್ಟ್ ಡ್ರೈವಿನಲ್ಲಿ ಕಂಡು ಕೊಳ್ಳುವ ವಸ್ತುವಲ್ಲ, ವಿವರಪಟ್ಟಿ ಓದಿ, ಅರ್ಥಮಾಡಿಕೊಂಡು ಕೊಳ್ಳುವ ವಸ್ತು. ಟ್ರ್ಯಾಕಿಗೆ ಹೋಗುವವರಿಗೆ ಕ್ಲಬ್ ತಕ್ಕದ್ದು. ಒಳ್ಳೆಯ ಸ್ಪೀಕರನ್ನು ಆಮೇಲೂ ಹಾಕಿಸಬಹುದು, ಡಿಫರೆನ್ಷಿಯಲ್ ಬದಲಿಸುವುದು ದುಬಾರಿ. ಆಫೀಸಿಗೆ ಹೋಗಿ ಬರುವವರಿಗೆ ಸ್ಪೋರ್ಟ್ ಧಾರಾಳ ಸಾಕು.

ಟೈರುಗಳಲ್ಲೂ ವ್ಯತ್ಯಾಸವಿದೆ. ಸ್ಪೋರ್ಟಿನದು 195/50 ಆರ್16: ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 50, ಒಳಗಿನ ರಿಮ್ಮಿನ ವ್ಯಾಸ 16 ಇಂಚು. ಒಟ್ಟು ವ್ಯಾಸ ಸುಮಾರು 601 ಮಿಲಿಮೀಟರ್. ಕ್ಲಬ್ಬಿನದು 205/45 ಆರ್17. ಅದರ ವ್ಯಾಸವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಆಮೇಲೆ ಮನೆಯ ಮುಂದೆ ನಿಂತ ಕಾರಿನ ಟೈರನ್ನು ಓದಿ, ಅದು ಒಂದು ಪೂರ್ತಿ ಸುತ್ತು ಹಾಕುವಾಗ ಹೊರಚಕ್ರ ಎಷ್ಟು ಬಾರಿ ಹೆಚ್ಚು ಉರುಳುತ್ತದೆ ಎಂದು ಲೆಕ್ಕ ಹಾಕಬಹುದು. ಬೇಕಾದದ್ದು ಒಂದು ಅಳತೆಯ ಟೇಪು ಮಾತ್ರ. ಕಾರು ನಿಂತೇ ಇರಲಿ.