ಬೆಂಡು ಕಟ್ಟದವರ ಕಡಲು

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವುದು ಬಾವಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿ, ಮೇಲೆ ನಿಂತ ಮಾವನೋ ಅಣ್ಣನೋ ಹಗ್ಗದ ತುದಿ ಹಿಡಿದು ನೂಕಿಬಿಡುತ್ತಾನೆ. ನಾಲ್ಕು ಗುಟುಕು ನೀರು ಕುಡಿದ ಮೇಲೆ ಕೈಕಾಲು ತಾವಾಗಿಯೇ ಆಡತೊಡಗುತ್ತವೆ. ಆದರೆ ಬಾವಿ ಯಾರದು? ನೀರು ಮುಟ್ಟಲೂ ಬಿಡದ ಊರಿನಲ್ಲಿ ದಲಿತರ ಮಗುವಿಗೆ ಯಾರು ಬೆಂಡು ಕಟ್ಟಿದರು? ಮಹಾಡದ ಚವದಾರ ಕೆರೆಯ ನೀರು ಕುಡಿಯುವುದಕ್ಕೇ 1927ರಲ್ಲಿ ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಇನ್ನು ಹುಡುಗಿಯರು, ಮೈನೆರೆದ ದಿನವೇ ನೀರು ಬಿಟ್ಟು ಮೇಲೆ ಬಂದವರು.

ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಕೆಲಸವನ್ನು ನೆನೆದಾಗಲೆಲ್ಲ ನನಗೆ ಈ ಬಾವಿ ನೆನಪಾಗುತ್ತದೆ. 1966ರಲ್ಲಿ ಹುಟ್ಟಿದ ಸಂಸ್ಥೆ ಅದು. ಕನ್ನಡಿಗರೇ ಆದ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್ ಅವರು 1980ರ ದಶಕದಲ್ಲಿ ದ್ವಾರಕೆಯ ಕಡಲತಳದ ಶೋಧವನ್ನು ಮುನ್ನಡೆಸಿದ್ದು ಇಲ್ಲಿಂದಲೇ. ಗೋವಾದ ಸುಂಚಿ ಬಂಡೆಸಾಲಿನ ಬಳಿ ಮುಳುಗಿದ್ದ ಪೋರ್ಚುಗೀಸರ ಕಾಲದ ಹಡಗಿನಿಂದ ಆನೆಯ ದಂತ, ನೀರಾನೆಯ ಹಲ್ಲುಗಳನ್ನು ಮೇಲೆ ತಂದವರೂ ಇಲ್ಲಿನವರೇ.

ಕಡಲತಳಕ್ಕೆ ಮುಳುಗಿ ಮಾಡುವ ಈ ವಿಜ್ಞಾನದ ಕೆಲಸ ಪ್ರವಾಸಿಗರ ಸ್ಕೂಬಾ ಅಲ್ಲ. ಹತ್ತು ಮೀಟರ್ ಆಳಕ್ಕೆ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಟೇಪು ಹಾಸಬೇಕು, ಚೌಕಟ್ಟು ಇಟ್ಟು ಅದರೊಳಗಿನ ಹವಳ, ಪಾಚಿ, ಚಿಪ್ಪುಗಳನ್ನು ಎಣಿಸಬೇಕು, ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು. ಈ ನಡುವೆ ಸಿಲಿಂಡರಿನ ಗಾಳಿ ಎಷ್ಟು ಉಳಿದಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದರ ಮೇಲೂ ಕಣ್ಣಿರಬೇಕು. ನೀರು ಕಲಕಿದ್ದರೆ ಚಾಚಿದ ಕೈಯೇ ಕಾಣದು. ಅಮೆರಿಕದ ವೈಜ್ಞಾನಿಕ ಡೈವಿಂಗ್ ಸಂಘ ಇದಕ್ಕೆ ಕನಿಷ್ಠ 100 ಗಂಟೆಗಳ ತರಬೇತಿ ಕೇಳುತ್ತದೆ. ಅದು ಹೆಚ್ಚೇನೂ ಅಲ್ಲ.

ತೊಡಕಿರುವುದು ಅದಕ್ಕೂ ಮೊದಲಿನ ಮೆಟ್ಟಿಲಲ್ಲಿ. ಮೊದಲ ಹಂತದ ಡೈವಿಂಗ್ ಕೋರ್ಸಿಗೇ ಸಾಮಾನ್ಯವಾಗಿ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಶುಲ್ಕ ಹತ್ತಾರು ಸಾವಿರ ರೂಪಾಯಿ. ಕಲಬುರಗಿಯ ಕಡೆಯಿಂದ ಬಂದ ವಿದ್ಯಾರ್ಥಿನಿಗೂ ಈಜುಕೊಳವಿರುವ ಶಾಲೆಯಲ್ಲಿ ಓದಿದ ಹುಡುಗನಿಗೂ ಗೆರೆ ಒಂದೇ. ಆದರೆ ಅವನು ಅದರ ಹತ್ತಿರ ನಿಂತಿದ್ದಾನೆ. ಅವಳು ನೀರಿಗೇ ಇಳಿದಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಪ್ರತಿಭೆಯಲ್ಲ, ಯಾರ ಬಾಲ್ಯದಲ್ಲಿ ನೀರಿತ್ತು ಎಂಬುದು.

ನೀರೇ ಬದುಕಾದವರ ಕಥೆ ಬೇರೆ. ಗೋವಾದಲ್ಲೂ ಉತ್ತರ ಕನ್ನಡದಲ್ಲೂ ಹೊಳೆಯ ತಳದಿಂದ ಮರಳು ತೆಗೆಯುವ ಕೂಲಿಗಳನ್ನು ಗಮನಿಸಿ. ದೋಣಿಯ ಪಕ್ಕ ಊರಿದ ಗಳ ಹಿಡಿದು, ಬಕೆಟ್ಟಿನೊಂದಿಗೆ ಕಟ್ಟಿದ ಉಸಿರಿನಲ್ಲೇ ಮುಳುಗಿ ಏಳುತ್ತಾರೆ, ದಿನವಿಡೀ. ಇಂಥವರ ಮಗಳು ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದಲು ಬಂದರೆ ಅವಳಿಗೆ ಅಡ್ಡವಾಗುವುದು ನೀರಿನ ಭಯವಲ್ಲ, ಶುಲ್ಕ ಮತ್ತು ಇಂಗ್ಲಿಷಿನ ಕೈಪಿಡಿ.

ಮಾನದಂಡ ಸಡಿಲಿಸಿದರೆ ಜೀವಕ್ಕೇ ಅಪಾಯ ಎನ್ನುವವರಿದ್ದಾರೆ. ಅವರ ಮಾತು ನಿಜ. ಕೊನೆಯ ಪರೀಕ್ಷೆಯಲ್ಲಿ ಒಂದು ಮೀಟರನ್ನೂ ಕಡಿಮೆ ಮಾಡಬಾರದು. ಆದರೆ ಆ ಪರೀಕ್ಷೆಯವರೆಗೆ ನಡೆಸಿಕೊಂಡು ಹೋಗುವ ಹೊಣೆ ವಿದ್ಯಾಸಂಸ್ಥೆಯದು. ಸೂಕ್ಷ್ಮದರ್ಶಕ ಮನೆಯಿಂದ ತನ್ನಿ ಎಂದು ಯಾವ ಕಾಲೇಜೂ ಹೇಳುವುದಿಲ್ಲ. ಡೈವಿಂಗ್ ಮಾತ್ರ ಸ್ವಂತ ಖರ್ಚಿನ ಹವ್ಯಾಸ ಏಕಾಗಬೇಕು? 1960ರಲ್ಲಿ ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಮುಳುಗಿದ ಹಡಗನ್ನು ಶೋಧಿಸಿದ ಜಾರ್ಜ್ ಬಾಸ್, ಆ ಕೆಲಸಕ್ಕೆಂದೇ ಡೈವಿಂಗ್ ಕಲಿತ ಪುರಾತತ್ವ ವಿದ್ಯಾರ್ಥಿ. ಕಡಲ ವಿಜ್ಞಾನಕ್ಕೆ ಹುಟ್ಟು ಈಜುಗಾರನೇ ಬೇಕೆಂದಿಲ್ಲ.

ಯಾರು ಇಳಿಯುತ್ತಾರೆ ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದೂ ನಿಂತಿದೆ. ಅಮೆರಿಕದಲ್ಲಿ ‘ಡೈವಿಂಗ್ ವಿತ್ ಎ ಪರ್ಪಸ್’ ಎಂಬ ಬಳಗದ ಕಪ್ಪು ಡೈವರುಗಳು ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಅವಶೇಷಗಳನ್ನು ಹುಡುಕುತ್ತಾರೆ. ತಮ್ಮ ಹಿರಿಯರು ಸಂಕೋಲೆಯಲ್ಲಿ ದಾಟಿದ ನೀರು ಅದು. ನಮ್ಮಲ್ಲೂ ಅಷ್ಟೆ: ಬಲೆಗೆ ಯಾವ ಮೀನು ಬರುವುದು ನಿಂತಿದೆ ಎಂದು ಮನೆಯ ಮಾತಿನಲ್ಲೇ ಕೇಳಿ ಬೆಳೆದ ಖಾರ್ವಿ ಮೀನುಗಾರರ ಹುಡುಗಿ ನೇತ್ರಾಣಿ ದ್ವೀಪದ ಹವಳದ ಬಳಿ ಸ್ಲೇಟು ಹಿಡಿದರೆ, ಅವಳ ಪ್ರಶ್ನೆಗಳೂ ಬೇರೆಯೇ ಇರುತ್ತವೆ.

ಗೋವಾದ ಕಡಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗಿಗೆ ಮುಚ್ಚಿರುತ್ತದೆ. ಕಾಲೇಜುಗಳು ತೆರೆಯುವ ಹೊತ್ತೂ ಅದೇ. ಆ ನಾಲ್ಕು ತಿಂಗಳು ಈಜುಕೊಳದಲ್ಲಿ, ಶುಲ್ಕವಿಲ್ಲದೆ, ಹುಡುಗಿಯರಿಗೆ ಮಹಿಳಾ ತರಬೇತುದಾರರೊಂದಿಗೆ, ಪಾಠವನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಹೇಳುತ್ತ ಶುರುಮಾಡಬಹುದು. ಅಕ್ಟೋಬರಿನಲ್ಲಿ ದೋಣಿ ಹೊರಡುವ ಹೊತ್ತಿಗೆ ಆ 200 ಮೀಟರ್ ಹಿಂದೆ ಬಿದ್ದಿರುತ್ತದೆ.