ಕುಡಿದ ದಿನ ಎಚ್‌ಐವಿ ಮಾತ್ರೆ ಬಿಡಬೇಕೇ?

‘ಎಣ್ಣೆ ಹೊಡೆದ ದಿನ ಮಾತ್ರೆ ಮುಟ್ಟಬೇಡ, ಎರಡೂ ಸೇರಿದ್ರೆ ವಿಷ.’ ಈ ಮಾತನ್ನು ಕೇಳದವರು ಕಡಿಮೆ. ಜ್ವರದ ಮಾತ್ರೆ, ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲಕ್ಕೂ ಇದನ್ನೇ ಹೇಳುತ್ತೇವೆ. ಎಚ್‌ಐವಿ ಬರದಂತೆ ತಡೆಯುವ ಮಾತ್ರೆಗೂ, ಬಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಗೂ ಈ ಮಾತು ಹೊಂದುವುದಿಲ್ಲ. ಇದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಆಗುವ ಹಾನಿ ಮಾತ್ರ ನಿಜ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಪೂರ್ತಿ ಸುಳ್ಳಿನಿಂದ ಬಂದದ್ದಲ್ಲ. ಕೆಲವು ಔಷಧಗಳ ಜೊತೆ ಮದ್ಯ ನಿಜಕ್ಕೂ ಅಪಾಯ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನುಂಗಿ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ ಆಗುತ್ತದೆ. ಭೇದಿ, ಹಲ್ಲುನೋವಿಗೆ ಬರೆದುಕೊಡುವ ಮೆಟ್ರೋನಿಡಜೋಲ್ ಜೊತೆಗೂ ಕುಡಿಯಬೇಡಿ ಎಂದು ವೈದ್ಯರು ಎಚ್ಚರಿಸುತ್ತಾರೆ. ಕ್ಷಯ ತಡೆಯಲು ಎಚ್‌ಐವಿ ಇರುವವರಿಗೆ ಕೊಡುವ ಐಸೋನಿಯಾಜಿಡ್ ಮತ್ತು ಮದ್ಯ ಸೇರಿದರೆ ಲಿವರ್‌ಗೆ ಪೆಟ್ಟು. ಇಂಥ ಎರಡು ಮೂರು ಔಷಧಗಳ ಎಚ್ಚರಿಕೆ ಬಾಯಿಂದ ಬಾಯಿಗೆ ಹೋಗುತ್ತಾ ಎಲ್ಲ ಮಾತ್ರೆಗಳ ಮೇಲೂ ಕುಳಿತುಬಿಟ್ಟಿದೆ.

ಎಚ್‌ಐವಿ ಇಲ್ಲದವರು ಮೊದಲೇ ತೆಗೆದುಕೊಳ್ಳುವ ತಡೆ ಮಾತ್ರೆಗೆ ಪ್ರೆಪ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿರುವುದು ಟೆನೋಫೋವಿರ್ ಮತ್ತು ಎಮ್‌ಟ್ರಿಸಿಟಬಿನ್. ಇವು ದೇಹದಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಮದ್ಯವನ್ನು ಕರಗಿಸುವುದು ಲಿವರ್. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಈಗ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ ಟೆನೋಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯೂ ಮದ್ಯದ ಜೊತೆ ವಿಷವಾಗುವುದಿಲ್ಲ. ಕುಡಿದ ರಾತ್ರಿಯೂ ಮಾತ್ರೆ ನುಂಗಲೇಬೇಕು. ಅಮೆರಿಕದ ಸಂಶೋಧಕ ಸೆತ್ ಕಾಲಿಚ್‌ಮನ್ ಮತ್ತು ಸಂಗಡಿಗರು ಈ ನಂಬಿಕೆಯನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ‘ಎರಡೂ ಸೇರಬಾರದು’ ಎಂದು ನಂಬಿದವರು ಮರೆತು ಅಲ್ಲ, ಬೇಕೆಂದೇ ಮಾತ್ರೆ ಬಿಡುತ್ತಾರೆ ಎಂದು ಅವರು ಕಂಡರು. ಗ್ಲಾಸು ಬಿಡುವ ಬದಲು ಮಾತ್ರೆ ಬಿಡುತ್ತಾರೆ. ಮನುಷ್ಯ ಸ್ವಭಾವ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಫಾರ್ವರ್ಡ್ ಇದಕ್ಕೆ ಉಲ್ಟಾ. ‘ಸ್ಯಾನಿಟೈಸರ್ ವೈರಸ್ ಕೊಲ್ಲುತ್ತೆ, ವಿಸ್ಕಿಯಲ್ಲೂ ಅದೇ ಆಲ್ಕೋಹಾಲ್, ಕುಡಿದರೆ ಒಳಗಿನ ವೈರಸ್ ಸಾಯುತ್ತೆ.’ ಲೆಕ್ಕ ನೋಡಿ. ಸ್ಯಾನಿಟೈಸರ್‌ನಲ್ಲಿ ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ. ವಾಹನ ಓಡಿಸುವವರ ರಕ್ತದಲ್ಲಿ ನಮ್ಮ ಕಾನೂನು ಒಪ್ಪುವ ಮಿತಿ ಶೇ 0.03. ಶೇ 0.4 ತಲುಪಿದರೆ ಪ್ರಾಣವೇ ಹೋಗಬಹುದು. ವೈರಸ್ ಸಾಯುವುದಕ್ಕೆ ಎಷ್ಟೋ ಮೊದಲೇ ಕುಡಿದವರು ಸತ್ತಿರುತ್ತಾರೆ.

ಸಲಿಂಗಪ್ರೇಮಿ ಗಂಡಸರ ವಿಷಯವನ್ನು ಇಲ್ಲಿ ಬೇರೆಯಾಗಿ ಎತ್ತಬೇಕಾಗಿದೆ. ಎಚ್‌ಐವಿ ‘ಗೇಗಳ ಕಾಯಿಲೆ’ ಎಂಬುದು ತಪ್ಪು. ಭಾರತದಲ್ಲಿ ಹೆಚ್ಚು ಹರಡಿರುವುದು ಗಂಡು ಹೆಣ್ಣಿನ ನಡುವೆಯೇ. ಆದರೂ 2017ರಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.22 ಇದ್ದಾಗ, ಗಂಡಸರೊಂದಿಗೆ ಸಂಬಂಧವಿರುವ ಗಂಡಸರಲ್ಲಿ ಅದು ಶೇ 2.69 ಇತ್ತು. ಗುದದ್ವಾರದ ಒಳಪೊರೆ ತೆಳು, ಬೇಗ ಗಾಯವಾಗುತ್ತದೆ, ಹೀಗಾಗಿ ಕಾಂಡೋಮ್ ಇಲ್ಲದಿದ್ದರೆ ವೈರಸ್ ಸುಲಭವಾಗಿ ಒಳಗೆ ಹೋಗುತ್ತದೆ. ಅದು ದೇಹದ ಕಾರಣ. ಊರಿನ ಕಾರಣ ಬೇರೆಯೇ ಇದೆ.

ಮೈಸೂರಿನಂಥ ಊರನ್ನು ಯೋಚಿಸಿ. ನಾಲ್ಕು ಬೀದಿ ದಾಟಿದರೆ ಚಿಕ್ಕಪ್ಪನ ಸ್ನೇಹಿತರು ಸಿಗುತ್ತಾರೆ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರುತ್ತದೆ. ಇಬ್ಬರು ಗಂಡಸರು ಕೂತು ಸಂಜೆ ಕಳೆದರೂ ಯಾರೂ ಪ್ರಶ್ನಿಸದ ಜಾಗ ಎಂದರೆ ಬಾರ್. ಧೈರ್ಯಕ್ಕೆ ಮೊದಲ ನೈಂಟಿ, ನಾಚಿಕೆ ಹೋಗಲು ಎರಡನೆಯದು. ಬೆಳಿಗ್ಗೆ ತನಗೆ ತಾನೇ ಹೇಳಿಕೊಳ್ಳಲು ಒಂದು ನೆಪವೂ ಸಿಗುತ್ತದೆ: ‘ಕುಡಿದಿದ್ದೆ, ಏನಾಯಿತೋ ಗೊತ್ತಿಲ್ಲ.’ ಕುಡಿತ ಇವರಿಗೆ ಎಷ್ಟೋ ಸಲ ಮೋಜಿಗಿಂತ ಹೆಚ್ಚಾಗಿ ಮರೆ. ಐಪಿಸಿ 377ನೇ ಸೆಕ್ಷನ್ನಿನ ಅಡಿಯಲ್ಲಿ ಅಪರಾಧವಾಗಿದ್ದ ಈ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಅಪರಾಧವಲ್ಲ ಎಂದಿತು. ಕಾನೂನು ಒಂದು ದಿನದಲ್ಲಿ ಬದಲಾಯಿತು, ಮನೆಗಳು ಅಷ್ಟು ಬೇಗ ಬದಲಾಗಲಿಲ್ಲ.

ಆ ರಾತ್ರಿ ಮದ್ಯ ಮಾಡುವ ಕೆಲಸ ಸರಳ. ಮುಂದಿನ ವಾರದ ಚಿಂತೆಯನ್ನು ಮಸುಕು ಮಾಡಿ ಮುಂದಿರುವುದನ್ನಷ್ಟೇ ಕಾಣಿಸುತ್ತದೆ. ಜೇಬಿನಲ್ಲಿ ಕಾಂಡೋಮ್ ಇದ್ದರೂ ಕೈ ಹೋಗುವುದಿಲ್ಲ, ‘ಬೇಡ’ ಎನ್ನಲು ನಾಲಗೆ ಹೊರಳುವುದಿಲ್ಲ, ಮಾತ್ರೆ ಮನೆಯಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದರೆ ರೋಗ ತಡೆಯುವ ಶಕ್ತಿ ಕುಗ್ಗುವುದೂ ನಿಜ. ಎಚ್‌ಐವಿ ಮಟ್ಟಿಗೆ ಹೆಚ್ಚಿನ ಪೆಟ್ಟು ಬೀಳುವುದು ಮಾತ್ರ ಈ ಮರೆವು ಮತ್ತು ಮೌನದಿಂದ.

ಕುಡಿತದ ಅಳತೆಯಲ್ಲೂ ನಾವು ಎಡವುತ್ತೇವೆ. ಒಂದು ‘ಡ್ರಿಂಕ್’ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ 30 ಎಂಎಲ್ ವಿಸ್ಕಿ. ಒಂದು ನೈಂಟಿ ಟೆಟ್ರಾ ಪ್ಯಾಕ್ ಮೂರು ಡ್ರಿಂಕ್, ಕ್ವಾರ್ಟರ್ ಆರು. ‘ಬರೀ ಬಿಯರ್’ ಎನ್ನುವವರಿಗೆ: ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿ ನಾಲ್ಕು ಡ್ರಿಂಕ್. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಕಡೆ ತಿರುಗಿದೆ ಎಂದು ಅರ್ಥ. ಉತ್ತರಿಸಲು ಐದು ನಿಮಿಷ ಸಾಕು.

ಇಲ್ಲೇ ಮುಖ್ಯ ಪ್ರಶ್ನೆ ಬರುತ್ತದೆ. ಈ ಪಟ್ಟಿಯನ್ನು ಯಾರು ಕೇಳಬೇಕು, ಎಲ್ಲಿ? ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಕುಡಿತದ ಬಗ್ಗೆ ಕೇಳಿ, ‘ಮೊದಲು ಅದನ್ನು ಬಿಟ್ಟು ಬಾ’ ಎಂದು ಗದರಿದರೆ ಎರಡು ಪರಿಣಾಮ. ಮುಂದಿನ ಸಲ ಸುಳ್ಳು ಹೇಳುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಗದರದೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಗೋವಾದಲ್ಲೇ ಉದಾಹರಣೆ ಇದೆ. ಅಲ್ಲಿನ ಸಂಗಾತ್ ಸಂಸ್ಥೆಯ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಕುಡಿತ ಹಾನಿಯ ಮಟ್ಟ ತಲುಪಿದ್ದ ಗಂಡಸರ ಜೊತೆ ತರಬೇತಿ ಪಡೆದ ಸಾಮಾನ್ಯ ಜನ ಕೆಲವೇ ಭೇಟಿಗಳಲ್ಲಿ ಮಾತಾಡಿದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ ಶೇ 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಮಾತಾಡಿಸದ ಗುಂಪಿನಲ್ಲಿ ಶೇ 26. ಪವಾಡವಲ್ಲ. ಆದರೆ ಅವರು ಡಾಕ್ಟರೂ ಅಲ್ಲ, ಮನೋವೈದ್ಯರೂ ಅಲ್ಲ.

ಮೈಸೂರಿಗೆ ಇದು ಹೊಸ ದಾರಿಯಲ್ಲ. ಇಲ್ಲಿನ ಲೈಂಗಿಕ ಕಾರ್ಯಕರ್ತರು ತಾವೇ ಕಟ್ಟಿಕೊಂಡ ಆಶೋದಯ ಸಮಿತಿಯಲ್ಲಿ ಹೆಣ್ಣುಮಕ್ಕಳ ಜೊತೆ ಗಂಡಸರೂ ಟ್ರಾನ್ಸ್‌ಜೆಂಡರ್ ಸಮುದಾಯದವರೂ ಇದ್ದಾರೆ. ಕಾಂಡೋಮ್ ಹಂಚುವುದು, ಪರೀಕ್ಷೆಗೆ ಕರೆತರುವುದು ಎಲ್ಲವನ್ನೂ ಅವರದೇ ಜನ ಮಾಡುತ್ತಾರೆ. ಭಾರತದಲ್ಲಿ ಪ್ರೆಪ್ ಮಾತ್ರೆಯನ್ನು ಮೊದಲು ಸಮುದಾಯದ ಕೈಯಿಂದಲೇ ಕೊಟ್ಟು ನೋಡಿದ ಎರಡು ಊರುಗಳಲ್ಲಿ ಮೈಸೂರು ಒಂದು, ಕೋಲ್ಕತ್ತ ಇನ್ನೊಂದು. ಅದು ಮಹಿಳೆಯರಿಗಾಗಿ ನಡೆದ ಪ್ರಯೋಗ. ಭಾಗವಹಿಸಿದವರಲ್ಲಿ ಯಾರಿಗೂ ಹೊಸದಾಗಿ ಎಚ್‌ಐವಿ ಬರಲಿಲ್ಲ. ನಿನ್ನ ಬದುಕು ಗೊತ್ತಿರುವವರು ಮಾತ್ರೆ ಕೊಟ್ಟರೆ ಜನ ನುಂಗುತ್ತಾರೆ. ಅದೇ ಜನ ‘ನಿನ್ನೆ ಎಷ್ಟಾಯ್ತು?’ ಎಂದು ಕೇಳಿದರೆ ನಿಜವಾದ ಉತ್ತರವೂ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗೇ ಗಂಡಸರ ಎಚ್‌ಐವಿ ಕೆಲಸದಲ್ಲಿ ಕುಡಿತದ ಪ್ರಶ್ನೆಯನ್ನು ಸೇರಿಸುವುದಾದರೆ ಹೀಗೆಯೇ ಸೇರಿಸಬೇಕು.

ಈಗ ಕೈಗೆ ಬರುವ ಮಾಹಿತಿ. ಪ್ರೆಪ್ ಶುರು ಮಾಡುವ ಮೊದಲು ಎಚ್‌ಐವಿ, ಕಿಡ್ನಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಬೇಕು. ಮೆಡಿಕಲ್ ಶಾಪಿನಿಂದ ಸುಮ್ಮನೆ ತಂದು ನುಂಗುವುದಲ್ಲ. ಸಂಜೆ ಕುಡಿಯುವ ಅಭ್ಯಾಸ ಇದ್ದವರು ಮಾತ್ರೆಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿಕೊಳ್ಳಬಹುದು, ಇದೊಂದೇ ಎಷ್ಟೋ ಮರೆವನ್ನು ತಪ್ಪಿಸುತ್ತದೆ. ಮಾತ್ರೆಯೂ ಇಲ್ಲದೆ, ಕಾಂಡೋಮೂ ಇಲ್ಲದೆ ರಾತ್ರಿ ಕಳೆದಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. 28 ದಿನ ತೆಗೆದುಕೊಳ್ಳುವ ಪೆಪ್ ಎಂಬ ಔಷಧವಿದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು. ಫೋನಿನಲ್ಲೇ ಕೇಳಲು 1097ಕ್ಕೆ ಉಚಿತವಾಗಿ ಕರೆ ಮಾಡಿ. ಮನಸ್ಸಿನ ಕಷ್ಟ, ಕುಡಿತದ ವಿಷಯಕ್ಕೆ ಟೆಲಿ ಮಾನಸ್ 14416.

ಈ ಲೇಖನ ಓದಿ ‘ನಾಳೆಯಿಂದ ಬಂದ್’ ಎಂದು ನಿರ್ಧರಿಸುವವರಿಗೆ ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಕುತ್ತಾಗಬಹುದು. ವೈದ್ಯರ ಸಲಹೆಯಲ್ಲೇ ಬಿಡಬೇಕು. ಮನೆಯವರು ಸಾರಿನಲ್ಲಿ ಗುಟ್ಟಾಗಿ ‘ಕುಡಿತ ಬಿಡಿಸುವ ಪುಡಿ’ ಬೆರೆಸುವುದು ಇನ್ನೂ ಅಪಾಯ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ತಿಂದವರು ಗೊತ್ತಿಲ್ಲದೆ ಸಂಜೆ ಕುಡಿದರೆ ಸೀದಾ ಆಸ್ಪತ್ರೆಗೇ ಸೇರಬೇಕಾದೀತು.