ಬ್ಯಾಟ್‌ಮ್ಯಾನ್ ಅಪ್ಪಂದಿರು ಮತ್ತು ಒಂದು ‘ವಿತ್’

ಇವತ್ತಿನ ನನ್ನ ತಕರಾರು ಒಂದೇ ಒಂದು ಪುಟ್ಟ ಇಂಗ್ಲಿಷ್ ಪದದ ಮೇಲೆ. ‘ವಿತ್’.

2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಿಂದ ಈಚೆಗೆ ಬಂದ ಬ್ಯಾಟ್‌ಮ್ಯಾನ್ ಸಿನಿಮಾಗಳನ್ನು ನೋಡಿದ್ದರೆ ಹೆಸರುಗಳ ಮೆರವಣಿಗೆಯಲ್ಲಿ ಈ ಸಾಲನ್ನೂ ನೋಡಿರುತ್ತೀರಿ: ‘ಬ್ಯಾಟ್‌ಮ್ಯಾನ್ ಕ್ರಿಯೇಟೆಡ್ ಬೈ ಬಾಬ್ ಕೇನ್ ವಿತ್ ಬಿಲ್ ಫಿಂಗರ್’. ನೋಡಿಲ್ಲ ಅಂದ್ರೂ ತಪ್ಪಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತೆ. ಕನ್ನಡದಲ್ಲಿ ಹೇಳೋದಾದ್ರೆ ‘ಸೃಷ್ಟಿ: ಬಾಬ್ ಕೇನ್, ಜೊತೆಗೆ ಬಿಲ್ ಫಿಂಗರ್’. ಮದುವೆ ಕಾಗದದಲ್ಲಿ ವಧೂವರರ ಹೆಸರು ದೊಡ್ಡದಾಗಿ ಹಾಕಿ, ಕೆಳಗೆ ಮೂಲೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಚಿಕ್ಕಪ್ಪ-ದೊಡ್ಡಪ್ಪಂದಿರನ್ನು ಸೇರಿಸ್ತಾರಲ್ಲ, ಹೆಚ್ಚುಕಮ್ಮಿ ಆ ಧಾಟಿ.

‘ಅಯ್ಯೋ ಬಿಡ್ರೀ, ವಿತ್ತೋ ಆ್ಯಂಡೋ, ಹೆಸರು ಬಂತಲ್ಲ’ ಅನ್ನಬೇಡಿ. ಹಾಲಿವುಡ್ಡಿನಲ್ಲಿ ಇಂಥ ಪದಗಳು ಸುಮ್ಮನೆ ಬೀಳೋದಿಲ್ಲ. ಅಲ್ಲಿನ ಬರಹಗಾರರ ಸಂಘದ ನಿಯಮದ ಪ್ರಕಾರ ಇಬ್ಬರ ಹೆಸರಿನ ನಡುವೆ ‘ಆ್ಯಂಡ್’ ಅಂತ ಅಕ್ಷರದಲ್ಲಿ ಬರೆದರೆ ಬೇರೆಬೇರೆಯಾಗಿ ಬರೆದವರು ಅಂತ ಅರ್ಥ, ಅದರ ಬದಲು ಆ್ಯಂಡ್‌ನ ಚಿಹ್ನೆ ಹಾಕಿದರೆ ಜೋಡಿಯಾಗಿ ಕೂತು ಬರೆದವರು ಅಂತ ಅರ್ಥ. ಒಂದು ಚಿಹ್ನೆಗೂ ಲೆಕ್ಕ ಇಡುವ ಊರಿನಲ್ಲಿ ‘ವಿತ್’ ಅನ್ನೋದು ಅಮಾಯಕ ಪದ ಅಂತ ನಂಬೋಕೆ ನಾನು ತಯಾರಿಲ್ಲ.

ಈ ಫಿಂಗರ್ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1938ರಲ್ಲಿ ಸೂಪರ್‌ಮ್ಯಾನ್ ಬಂದು ಅಮೆರಿಕದಲ್ಲಿ ಧೂಳೆಬ್ಬಿಸಿದ್ದ. ಪ್ರಕಾಶಕರಿಗೆ ಅಂಥವನೇ ಇನ್ನೊಬ್ಬ ಬೇಕಿತ್ತು. ಬಾಬ್ ಕೇನ್ ಎಂಬ ಹುಡುಗ ಒಂದು ಚಿತ್ರ ಬರೆದ. ಕೆಂಪು ಉಡುಪು, ಕಣ್ಣಿಗೆ ಒಂದು ಪುಟ್ಟ ಮುಖವಾಡ, ಬೆನ್ನಿಗೆ ಗಟ್ಟಿಯಾದ ಎರಡು ರೆಕ್ಕೆ. ಅದನ್ನು ಗೆಳೆಯ ಬಿಲ್ ಫಿಂಗರನಿಗೆ ತೋರಿಸಿದ. ಫಿಂಗರ್ ಹೇಳಿದ್ದು: ರೆಕ್ಕೆ ತೆಗಿ, ಬಾವಲಿ ರೆಕ್ಕೆಯಂತೆ ಇಳಿಬೀಳುವ ಕೇಪ್ ಹಾಕು. ತಲೆ ಪೂರ್ತಿ ಮುಚ್ಚುವ, ಕಿವಿ ಇರುವ ಮುಸುಕು ಹಾಕು. ಕಣ್ಣುಗುಡ್ಡೆ ಬೇಡ, ಬರೀ ಬಿಳಿ ಇರಲಿ. ಕೈಗೆ ಗ್ಲೌಸ್. ಕೆಂಪು ಬೇಡ, ಕಪ್ಪು-ಬೂದು ಇರಲಿ. ಬ್ರೂಸ್ ವೇನ್ ಎಂಬ ಹೆಸರು ಅವನದು, ಗಾಥಮ್ ಎಂಬ ಊರಿನ ಹೆಸರೂ ಅವನದೇ. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯ ಮೊದಲ ಬ್ಯಾಟ್‌ಮ್ಯಾನ್ ಕಥೆ ಬರೆದವನು ಅವನು. ರಾಬಿನ್, ಜೋಕರ್, ಕ್ಯಾಟ್‌ವುಮನ್ ಮೊದಲ ಸಲ ಬಂದ ಕಥೆಗಳನ್ನು ಬರೆದವನೂ ಅವನೇ.

ಈಗ ಹೇಳಿ, ಇದರಲ್ಲಿ ‘ಜೊತೆಗೆ’ ಇದ್ದವನು ಯಾರು?

ಆದರೆ ಪ್ರಕಾಶಕರ ಜೊತೆ ಕರಾರು ಮಾಡಿಕೊಂಡವನು ಕೇನ್ ಒಬ್ಬನೇ. ಬ್ಯಾಟ್‌ಮ್ಯಾನ್ ಎಲ್ಲಿ ಬಂದರೂ ತನ್ನ ಹೆಸರಿರಬೇಕು ಅಂತ ಅದರಲ್ಲಿ ಖಾತ್ರಿ ಮಾಡಿಕೊಂಡ. ಫಿಂಗರ್ ಅವನ ಹತ್ತಿರ ದುಡ್ಡಿಗೆ ಕಥೆ ಬರೆದುಕೊಡುವ ನೆರಳು ಬರಹಗಾರ, ಅಷ್ಟೆ. ಮುಂದೆ ಕೇನ್ ಚಿತ್ರ ಬರೆಯೋದನ್ನೂ ಬೇರೆಯವರ ಕೈಗೆ ಕೊಟ್ಟ. ಆದರೂ ಪುಟದ ಮೇಲೆ ಹೆಸರು ‘ಬಾಬ್ ಕೇನ್’. ಕಥೆ ಒಬ್ಬನದು, ಚಿತ್ರ ಇನ್ನೊಬ್ಬನದು, ರುಜು ಮೂರನೆಯವನದು!

ನಮ್ಮ ದಾಸರು ಇದಕ್ಕೆ ಒಳ್ಳೆ ಉಪಾಯ ಮಾಡಿದ್ದರು ನೋಡಿ. ಹಾಡಿನ ಒಳಗೇ ಅಂಕಿತ. ಯಾರು ಹಾಡಿದರೂ, ಯಾವ ಕ್ಯಾಸೆಟ್ ಕಂಪನಿ ಮಾರಿದರೂ ಕೊನೆಯಲ್ಲಿ ಪುರಂದರವಿಠಲ ಬಂದೇ ಬರ್ತಾನೆ. ಕಿತ್ತು ಹಾಕಿದರೆ ಹಾಡೇ ಕುಂಟುತ್ತೆ. ಫಿಂಗರನಿಗೂ ಒಂಥರಾ ಅಂಕಿತ ಇತ್ತು. ಅವನ ಕಥೆಗಳಲ್ಲಿ ಜಗಳ ನಡೆಯೋದು ಮನೆಯಷ್ಟು ದೊಡ್ಡ ಟೈಪ್‌ರೈಟರಿನ ಮೇಲೆ ಅಥವಾ ಅಂಥದ್ದೇ ಇನ್ನಾವುದೋ ದೈತ್ಯ ವಸ್ತುವಿನ ಸುತ್ತ. ಹಳೇ ಓದುಗರು ಅದನ್ನು ನೋಡಿಯೇ ‘ಇದು ಫಿಂಗರನದು’ ಅಂತ ಹೇಳ್ತಿದ್ದರು. ಏನು ಮಾಡೋದು, ದೈತ್ಯ ಟೈಪ್‌ರೈಟರಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

1965ರಲ್ಲಿ ನ್ಯೂಯಾರ್ಕಿನ ಅಭಿಮಾನಿಗಳ ಸಮ್ಮೇಳನವೊಂದರಲ್ಲಿ ಫಿಂಗರ್ ತನ್ನ ಪಾಲಿನ ಬಗ್ಗೆ ಮಾತಾಡಿದ. ಜೆರ್ರಿ ಬೇಲ್ಸ್ ಎಂಬ ಅಭಿಮಾನಿ ಅದನ್ನು ಬರೆದು ಹಂಚಿದ. ಕೇನನಿಗೆ ಉರಿದುಹೋಯ್ತು. ಬ್ಯಾಟ್‌ಮ್ಯಾನ್ ಪೂರ್ತಿ ತನ್ನದೇ ಅಂತ ಅಭಿಮಾನಿ ಪತ್ರಿಕೆಗೆ ಉದ್ದ ಕಾಗದ ಬರೆದ. ಫಿಂಗರ್ ಬದುಕಿದ್ದಾಗ ತೆರೆಯ ಮೇಲೆ ಬ್ಯಾಟ್‌ಮ್ಯಾನ್ ಜೊತೆ ಅವನ ಹೆಸರು ಬಂದದ್ದು 1966ರ ಟಿವಿ ಧಾರಾವಾಹಿಯಲ್ಲಿ, ಇನ್ನೊಬ್ಬರ ಜೊತೆ ಸೇರಿ ಎರಡು ಕಂತು ಬರೆದದ್ದಕ್ಕೆ. ತಾನು ಹುಟ್ಟಿಸಿದ ಮನೆಗೆ ಕೂಲಿಯಾಗಿ ಹೋದಾಗ ಮಾತ್ರ. 1974ರ ಜನವರಿಯಲ್ಲಿ, ಅರವತ್ತು ತುಂಬುವ ಮೊದಲೇ, ಕೈಯಲ್ಲಿ ಕಾಸಿಲ್ಲದೆ ಸತ್ತ. ಅವನಿಗೆ ಸಮಾಧಿ ಇಲ್ಲ. ಮಗ ಅವನ ಬೂದಿಯನ್ನು ಆರೆಗಾನ್‌ನ ಕಡಲತೀರದ ಮರಳಿನ ಮೇಲೆ ಬಾವಲಿ ಆಕಾರದಲ್ಲಿ ಹರಡಿದನಂತೆ, ಅಲೆ ಬಂದು ತೆಗೆದುಕೊಂಡು ಹೋಗಲಿ ಅಂತ. 1998ರಲ್ಲಿ ತೀರಿಕೊಂಡ ಕೇನನ ಸಮಾಧಿ ಕಲ್ಲಿನ ಮೇಲೆ ಬಾಬ್ ಕೇನ್, ಬ್ರೂಸ್ ವೇನ್, ಬ್ಯಾಟ್‌ಮ್ಯಾನ್ ಎಲ್ಲಾ ಒಂದೇ ಎಂಬರ್ಥದ ಮಾತು ಕೆತ್ತಿದ್ದಾರೆ.

ಕೇನ್ 1989ರ ಆತ್ಮಕಥೆಯಲ್ಲಿ ಫಿಂಗರನಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅಂತ ಮರುಗಿದ್ದಾನೆ. ಒಳ್ಳೆಯದು. ಆದರೆ ಅದೇ 1989ರಲ್ಲಿ ಟಿಮ್ ಬರ್ಟನ್‌ನ ಬ್ಯಾಟ್‌ಮ್ಯಾನ್ ಬಂತು, ಅದರಲ್ಲಿ ಹೆಸರು ಕೇನ್‌ದು ಮಾತ್ರ. 2008ರ ‘ದಿ ಡಾರ್ಕ್ ನೈಟ್’ನಲ್ಲೂ ಅಷ್ಟೇ. ಪುಸ್ತಕದಲ್ಲಿ ಕಣ್ಣೀರು ಹಾಕೋಕೆ ಖರ್ಚಿಲ್ಲ ಕಣ್ರೀ.

ಕಡೆಗೆ ಹೆಸರು ಬಂದದ್ದು ಹೇಗೆ? ಯಾವ ಕೋರ್ಟಿನಿಂದಲೂ ಅಲ್ಲ. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಮಕ್ಕಳ ಪುಸ್ತಕಗಳ ಲೇಖಕ ವರ್ಷಗಟ್ಟಲೆ ಪತ್ತೇದಾರಿಕೆ ಮಾಡಿ ಫಿಂಗರನ ಮೊಮ್ಮಗಳು ಅಥೀನಾಳನ್ನು ಹುಡುಕಿದ, 2012ರಲ್ಲಿ ಪುಸ್ತಕ ಬರೆದ. ಆಕೆ ಕಂಪನಿಯ ಎದುರು ನಿಂತಳು. 2015ರ ಸೆಪ್ಟೆಂಬರಿನಲ್ಲಿ ಡಿಸಿ ಸಂಸ್ಥೆ ಹೆಸರು ಹಾಕ್ತೀವಿ ಅಂತ ಘೋಷಿಸಿತು. ಸತ್ತು 41 ವರ್ಷ ಆದಮೇಲೆ. ಅದೂ ‘ವಿತ್’ ಹಾಕಿ. ಮರುತಿಂಗಳೇ ಹಾಲಿವುಡ್ ಪಾದಚಾರಿ ಹಾದಿಯಲ್ಲಿ ಕೇನ್ ಹೆಸರಿನ ನಕ್ಷತ್ರ ಕೂರಿಸಿದರು.

ಈಗ ಈ ವಾದಕ್ಕೆ ಬರುವ ಎದುರುತ್ತರಗಳನ್ನು ನೋಡೋಣ. ಒಂದು ನಿಜಕ್ಕೂ ಗಟ್ಟಿಯಾದದ್ದು. ಫಿಂಗರ್ ಏನು ಸಾಚಾನಾ? ಮೊದಲ ಬ್ಯಾಟ್‌ಮ್ಯಾನ್ ಕಥೆಯೇ 1936ರ ‘ದಿ ಶ್ಯಾಡೋ’ ಪತ್ತೇದಾರಿ ಕಾದಂಬರಿಯೊಂದರಿಂದ ಎತ್ತಿದ್ದು. ಹೌದು, ಎತ್ತಿದ್ದೇ. ತನ್ನ ಮೊದಲ ಕಥೆ ಶ್ಯಾಡೋ ಕಥೆಯೊಂದರ ರೂಪಾಂತರ ಅಂತ ಅವನೇ ಒಪ್ಪಿದ್ದ. ಆ ಕಾದಂಬರಿ ಬರೆದವನು ಥಿಯಡೋರ್ ಟಿನ್ಸ್ಲಿ. ಆದರೆ ಅದರ ಮೇಲೆ ಅಚ್ಚಾದ ಹೆಸರು ಮ್ಯಾಕ್ಸ್‌ವೆಲ್ ಗ್ರಾಂಟ್! ಅಂಥ ಮನುಷ್ಯನೇ ಇರಲಿಲ್ಲ. ಪ್ರಕಾಶಕರು ಸಾಕಿಕೊಂಡ ಹೆಸರು ಅದು, ಯಾರು ಬರೆದರೂ ಅದೇ ಹೆಸರಿನಲ್ಲಿ ಬರೋದು. ಅಂದರೆ ಹೆಸರಿಲ್ಲದವನೊಬ್ಬ ಹೆಸರಿಲ್ಲದ ಇನ್ನೊಬ್ಬನಿಂದ ಎತ್ತಿದ. ಇದರಿಂದ ನನ್ನ ವಾದ ಬಿದ್ದುಹೋಯ್ತು ಅಂತ ನೀವಂದ್ರೆ, ನಾನನ್ನೋದು ಟಿನ್ಸ್ಲಿ ಹೆಸರನ್ನೂ ಹೇಳಿ ಅಂತ. ಪಟ್ಟಿ ಉದ್ದ ಆಗುತ್ತೆ ಅನ್ನೋದು ಹೆಸರು ಬಿಡೋಕೆ ಕಾರಣ ಆಗೋದಿಲ್ಲ.

ಎರಡನೆಯದು, ‘ರುಜು ಹಾಕಿದ ಮೇಲೆ ಮುಗೀತಲ್ಲ’ ಅನ್ನುವ ವಾದ. ನನಗೆ ಇದರಷ್ಟು ಸಿಟ್ಟು ಬರಿಸೋದು ಬೇರೆ ಇಲ್ಲ. ಸೂಪರ್‌ಮ್ಯಾನ್ ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರಿಗೂ ಆಗ 23 ವರ್ಷ. 1938ರ ಮಾರ್ಚಿನಲ್ಲಿ 412 ಡಾಲರಿನ ಒಂದು ಚೆಕ್ ಬಂತು, ಅದರಲ್ಲಿ ಸೂಪರ್‌ಮ್ಯಾನ್ ಬಾಬ್ತು 130 ಡಾಲರ್. ಸಕಲ ಹಕ್ಕುಗಳೂ ಹೋದವು. ತಮಾಷೆ ಏನು ಗೊತ್ತಾ, ಆ ಚೆಕ್ಕಿನಲ್ಲಿ ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು! ಹಿಂದುಗಡೆ ತಪ್ಪು ಹೆಸರಲ್ಲಿ ಒಂದು, ಸರಿ ಹೆಸರಲ್ಲಿ ಒಂದು ರುಜು ಹಾಕಬೇಕಾಯ್ತು. 2012ರಲ್ಲಿ ಅದೇ ಚೆಕ್ ಹರಾಜಿನಲ್ಲಿ 1,60,000 ಡಾಲರಿಗೆ ಹೋಯ್ತು. ಸೂಪರ್‌ಮ್ಯಾನ್‌ಗಿಂತ ಸೂಪರ್‌ಮ್ಯಾನ್ ಕೊಂಡ ಚೀಟಿಗೇ ಬೆಲೆ ಜಾಸ್ತಿ.

1947ರಲ್ಲಿ ಅವರು ಕೋರ್ಟಿಗೆ ಹೋದದ್ದಕ್ಕೆ ಕಾಮಿಕ್ಸ್‌ನಿಂದ ಅವರ ಹೆಸರನ್ನೇ ಕಿತ್ತುಹಾಕಿದರು. 1975ರ ಹೊತ್ತಿಗೆ ಸೀಗಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತ, ಶುಸ್ಟರ್ ಕಣ್ಣು ಹೆಚ್ಚುಕಮ್ಮಿ ಹೋಗಿದೆ. ಅಷ್ಟರಲ್ಲಿ ದೊಡ್ಡ ಬಜೆಟ್ಟಿನ ಸೂಪರ್‌ಮ್ಯಾನ್ ಸಿನಿಮಾ ಸುದ್ದಿ. ಸೀಗಲ್ ಪತ್ರಿಕೆಗಳಿಗೆ ಕಾಗದ ಬರೆದು ಶಾಪ ಹಾಕಿದ, ಚಿತ್ರಕಾರರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಬೆನ್ನಿಗೆ ನಿಂತರು. ಮಾನ ಹೋಗುತ್ತೆ ಅಂತಾದ ಮೇಲೆ ವಾರ್ನರ್ ಕಂಪನಿ ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟು ಹೆಸರನ್ನು ಮರಳಿ ಹಾಕಿತು. 1978ರ ಆ ಚಿತ್ರದಲ್ಲಿ ಸೂಪರ್‌ಮ್ಯಾನ್ ಅಪ್ಪನ ಪಾತ್ರದಲ್ಲಿ ಕೆಲವೇ ನಿಮಿಷ ಬಂದುಹೋದ ಮರ್ಲಾನ್ ಬ್ರಾಂಡೋಗೆ 37 ಲಕ್ಷ ಡಾಲರ್. ಪಾತ್ರಧಾರಿ ಅಪ್ಪನಿಗೆ ಅಷ್ಟು, ನಿಜವಾದ ಅಪ್ಪಂದಿರಿಗೆ ಇಷ್ಟು.

ರುಜು ಹಾಕಿಸಿಕೊಂಡದ್ದು ಹಕ್ಕಿಗೆ. ಹಕ್ಕು ಮಾರಬಹುದು. ಹುಟ್ಟಿಸಿದ್ದನ್ನು ಮಾರೋಕೆ ಆಗುತ್ತಾ? ಅಮೆರಿಕದ ಕಾನೂನು ಆಗುತ್ತೆ ಅನ್ನುತ್ತೆ. ‘ಕೂಲಿಗಾಗಿ ಮಾಡಿದ ಕೃತಿ’ ಅಂತಾದರೆ ಅಲ್ಲಿ ಕಂಪನಿ ಬರೀ ಮಾಲೀಕ ಅಲ್ಲ, ಕರ್ತೃವೇ ಕಂಪನಿ! ಕಂಪನಿ ಪೆನ್ಸಿಲ್ ಹಿಡಿದದ್ದು ಯಾವಾಗ ಅಂತ ಕೇಳಬಾರದು. ಅವೆಂಜರ್ಸ್‌ನ ಅರ್ಧಕ್ಕರ್ಧ ಮಂದಿಯನ್ನು ಕಾಗದದ ಮೇಲೆ ಮೂಡಿಸಿದ ಜ್ಯಾಕ್ ಕರ್ಬಿಯ ಮಕ್ಕಳು 2013ರಲ್ಲಿ ಮೇಲ್ಮನವಿ ಸೋತದ್ದು ಇದೇ ಕಾರಣಕ್ಕೆ. 2014ರಲ್ಲಿ, ಸುಪ್ರೀಂ ಕೋರ್ಟ್ ಆ ಮನವಿಯನ್ನು ಎತ್ತಿಕೊಳ್ಳಬೇಕೇ ಬೇಡವೇ ಅಂತ ನೋಡುವ ಹೊತ್ತಿಗೆ ಸರಿಯಾಗಿ, ಮಾರ್ವೆಲ್ ರಾಜಿಯಾಯ್ತು. ನಮ್ಮ 1957ರ ಕಾಪಿರೈಟ್ ಕಾಯ್ದೆಯನ್ನು ನಾವು ಬೈದುಕೊಳ್ಳೋದೇ ಹೆಚ್ಚು, ಆದರೆ ಅದರ 57ನೇ ಸೆಕ್ಷನ್ ನೋಡಿ. ಹಕ್ಕನ್ನು ಬರೆದುಕೊಟ್ಟ ಮೇಲೂ ‘ಇದನ್ನು ಬರೆದವನು ನಾನು’ ಅನ್ನುವ ಹಕ್ಕು ಕರ್ತೃವಿನ ಹತ್ತಿರವೇ ಉಳಿಯುತ್ತೆ. ಮಾಲೀಕ ಬೇರೆ, ಕರ್ತೃ ಬೇರೆ. ಇಷ್ಟು ಸರಳ ಸಂಗತಿ ಅಷ್ಟು ದೊಡ್ಡ ದೇಶಕ್ಕೆ ಯಾಕೆ ಹೊಳೆಯಲಿಲ್ಲವೋ.

ಇನ್ನು ಕೆಲವರು ‘ಹೆಸರಿನ ಹಂಗೇಕೆ, ಕಲೆ ಮುಖ್ಯ’ ಅಂತ ವೇದಾಂತ ಹೇಳ್ತಾರೆ. ತಮ್ಮ ಬರಹ ಯಾರದೋ ಪೇಜಿನಲ್ಲಿ ‘ಕೃಪೆ: ವಾಟ್ಸಾಪ್’ ಅಂತ ಬರೋವರೆಗೆ ಮಾತ್ರ ಈ ವೇದಾಂತ :-)

ಹೆಸರು ಹಾಕಿದ ಮಾತ್ರಕ್ಕೆ ಸಾಲದು, ದುಡ್ಡಿನ ಮಾತೂ ಆಗಬೇಕು. ವುಲ್ವರೀನ್ ಗೊತ್ತಲ್ಲ, ಮುಷ್ಟಿಯಿಂದ ಕತ್ತಿ ಬರುವ ಆಸಾಮಿ. ಅವನ ಮೊದಲ ಕಥೆ ಬರೆದವನು ಲೆನ್ ವೈನ್. ಬ್ಯಾಟ್‌ಮ್ಯಾನ್ ಕಂಪನಿಯ ಆಡಳಿತ ನೋಡಿಕೊಳ್ಳುವ ಲೂಷಿಯಸ್ ಫಾಕ್ಸ್, ಅಂದರೆ ನೋಲನ್ ಚಿತ್ರಗಳಲ್ಲಿ ಮಾರ್ಗನ್ ಫ್ರೀಮನ್ ಮಾಡಿದ ಪಾತ್ರ, ಅದೂ ವೈನ್ ಸೃಷ್ಟಿ. ವುಲ್ವರೀನ್‌ಗಿಂತ ಫಾಕ್ಸ್‌ನಿಂದಲೇ ತನಗೆ ಹೆಚ್ಚು ಹಣ ಬಂತು ಅಂತ ವೈನ್ ಹೇಳಿಕೊಂಡಿದ್ದ. ಥಾನೋಸ್‌ನ ಸೃಷ್ಟಿಕರ್ತ ಜಿಮ್ ಸ್ಟಾರ್ಲಿನ್‌ದೂ ಇದೇ ಕಥೆ. ಥಾನೋಸ್, ಗಮೋರಾ, ಡ್ರ್ಯಾಕ್ಸ್ ಮೂವರಿಂದ ಸೇರಿ ಬಂದದ್ದಕ್ಕಿಂತ, ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ ಸುಮ್ಮನೆ ಸುಳಿದುಹೋಗುವ ಕೆಜಿಬೀಸ್ಟ್ ಎಂಬ ಪುಡಿ ಖಳನಿಗೆ ಡಿಸಿ ಕಳಿಸಿದ ಚೆಕ್ ದೊಡ್ಡದಿತ್ತು ಅಂತ 2017ರಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದ. ಅದು ಸುದ್ದಿಯಾದ ಮೇಲೆ ಅವನಿಗೆ ಹೊಸ ಒಪ್ಪಂದ ಆಯ್ತು. ಗಮನಿಸಿ, ಇಲ್ಲೂ ಗಲಾಟೆ ಆದಮೇಲೆಯೇ. ಫಿಂಗರನ ವಿಷಯದಲ್ಲಿ ನಾನು ಬೈದ ಅದೇ ಡಿಸಿ ದುಡ್ಡಿನ ವಿಷಯದಲ್ಲಿ ಮಾರ್ವೆಲ್‌ಗಿಂತ ವಾಸಿ ಅನ್ನೋದನ್ನೂ ಹೇಳಿಬಿಡ್ತೀನಿ.

ಮಾರ್ವೆಲ್ ಚಿತ್ರಗಳ ಕೊನೆಯಲ್ಲಿ ‘ಸ್ಪೆಷಲ್ ಥ್ಯಾಂಕ್ಸ್’ ಅಂತ ಒಂದು ಪಟ್ಟಿ ಓಡುತ್ತೆ. ಆ ಕಥೆ ಬರೆದವರು, ಚಿತ್ರ ಬರೆದವರು ಅಲ್ಲಿದ್ದಾರೆ. ಥ್ಯಾಂಕ್ಸ್ ಯಾಕ್ರೀ? ಶೂಟಿಂಗಿಗೆ ಮನೆ ಬಿಟ್ಟುಕೊಟ್ಟವರಿಗೆ ಹೇಳೋ ಮಾತು ಅದು. ಮನೆ ಕಟ್ಟಿದವರಿಗೂ ಅದೇನಾ? ವಿಚಿತ್ರ ಅಂದ್ರೆ ಇಡೀ ಜಗತ್ತಿನಲ್ಲಿ ಹೆಸರುಗಳು ಮುಗಿಯೋವರೆಗೆ ಜನ ಎದ್ದು ಹೋಗದೆ ಕೂರೋದು ಮಾರ್ವೆಲ್ ಚಿತ್ರಗಳಿಗೇ, ಕೊನೇ ತುಣುಕಿನ ಆಸೆಗೆ. ಆ ಹತ್ತು ನಿಮಿಷ ಎಲ್ಲರೂ ಮೊಬೈಲ್ ನೋಡ್ತಿರ್ತಾರೆ, ಮೇಲೆ ಥಾನೋಸ್‌ನ ಅಪ್ಪ ಹಾದುಹೋಗ್ತಿರ್ತಾನೆ.

ಹಾಗಂತ ಸಿಕ್ಕಸಿಕ್ಕವರಿಗೆಲ್ಲ ಹೆಸರು ಹಂಚಿ ಅಂತಲೂ ಅಲ್ಲ. 2024ರಲ್ಲಿ ‘ಡೆಡ್‌ಪೂಲ್ ಆ್ಯಂಡ್ ವುಲ್ವರೀನ್’ ಬರುವ ಹೊತ್ತಿಗೆ, 1974ರಲ್ಲಿ ಸಂಪಾದಕನಾಗಿದ್ದ ರಾಯ್ ಥಾಮಸ್‌ನನ್ನೂ ವುಲ್ವರೀನ್‌ನ ಸಹಸೃಷ್ಟಿಕರ್ತ ಅಂತ ಮಾರ್ವೆಲ್ ಒಪ್ಪಿತು. ಕೆನಡಾದವನೊಬ್ಬ ಬೇಕು, ಹೆಸರು ವುಲ್ವರೀನ್ ಇರಲಿ ಅಂತ ವೈನ್‌ಗೆ ಹೇಳಿದವನು ಥಾಮಸ್, ನಿಜ. ಆದರೆ ವೈನ್ 2017ರಲ್ಲೇ ತೀರಿಕೊಂಡಿದ್ದ, ಹೂಂ ಅನ್ನೋಕೂ ಇಲ್ಲ ಉಹೂಂ ಅನ್ನೋಕೂ ಇಲ್ಲ. ಅವನ ಹೆಂಡತಿ ಬಹಿರಂಗವಾಗಿ ಪ್ರತಿಭಟಿಸಿದಳು. ನನಗೆ ಕೇಳಿದರೆ ಹೆಸರು ಸೂಚಿಸಿದ ಸಂಪಾದಕನದು ಒಂದು ಪಾಲು ಅನ್ನಬಹುದು, ಆದರೆ ಅದನ್ನು ಬದುಕಿರುವಾಗ ಎಲ್ಲರನ್ನೂ ಎದುರು ಕೂರಿಸಿಕೊಂಡು ತೀರ್ಮಾನಿಸಬೇಕು. ಫಿಂಗರನಿಗೆ ಆದ ಅನ್ಯಾಯವೂ ಇದೇ ತಾನೆ, ಮಾತಾಡೋಕೆ ಅವನು ಇಲ್ಲದ ಮೇಲೆ ಅವನ ಪಾಲು ಎಷ್ಟು ಅಂತ ಬೇರೆಯವರು ‘ವಿತ್’ ಹಾಕಿ ಅಳೆದರು.

ನಮ್ಮ ಕೈಲಾಗೋದು ತೀರಾ ಚಿಕ್ಕದು. ಸಿನಿಮಾ ವಿಮರ್ಶೆ ಬರೆಯುವಾಗ ನಿರ್ದೇಶನ, ಸಂಗೀತ, ತಾರಾಗಣ ಅಂತ ಮೇಲೆ ಒಂದು ಪಟ್ಟಿ ಹಾಕ್ತೀವಲ್ಲ, ಅದರಲ್ಲಿ ‘ಪಾತ್ರ ಸೃಷ್ಟಿ’ ಅಂತ ಇನ್ನೊಂದು ಸಾಲು ಸೇರಿಸಿ. ಹುಡುಕೋಕೆ ಎರಡು ನಿಮಿಷ ಸಾಕು. ನಾನಂತೂ ಮುಂದಿನ ಬ್ಯಾಟ್‌ಮ್ಯಾನ್ ಬಗ್ಗೆ ಬರೆಯುವಾಗ ಆ ಸಾಲಿನಲ್ಲಿ ‘ಬಿಲ್ ಫಿಂಗರ್, ಬಾಬ್ ಕೇನ್’ ಅಂತ ಹಾಕ್ತೀನಿ. ಇದೇ ಕ್ರಮದಲ್ಲಿ. ಮಧ್ಯೆ ಒಂದು ಅಲ್ಪವಿರಾಮ, ಅಷ್ಟೆ.